ಹಿಟ್ಟಿನ ಕೋಳಿ ಕಡಿದವರು ನರಕಕ್ಕೇಕೆ ಹೋಗಲಿಲ್ಲ? ನಡುಗಾಲದ ಕಾವ್ಯದ ಪಾಪ–ನರಕಗಳ ಲೆಕ್ಕ

ಕಂದಪದ್ಯ

ಜನ್ನನ ಯಶೋಧರ ಚರಿತೆ (1209) ಬಗ್ಗೆ ಒಂದು ಅನುಮಾನ. ಬಲ್ಲವರು ಬಿಡಿಸಿ ಹೇಳಿ.

ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಕಡಿದದ್ದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ನವಿಲು–ನಾಯಿ, ಮುಳ್ಳುಹಂದಿ–ಹಾವು, ಮೀನು–ಮೊಸಳೆ, ಆಡು, ಕೋಣ ಎಂದು ಅಲೆದು ಕೊನೆಗೆ ಕೋಳಿಗಳಾಗಿ ಹುಟ್ಟಿ, ಆಮೇಲೆ ಮನುಷ್ಯಜನ್ಮಕ್ಕೆ ಬರುತ್ತಾರೆ. ಇದು ಸಂಕಲ್ಪಹಿಂಸೆ, ಅಂದರೆ ಮನಸ್ಸಿನಲ್ಲೇ ಕೊಲ್ಲುವ ಹಿಂಸೆ, ಎಂದು ಯಾವ ಟಿಪ್ಪಣಿ ತೆಗೆದರೂ ಇರುತ್ತದೆ. ಅದನ್ನು ಒಪ್ಪೋಣ. ಆದರೆ ಸಂಕಲ್ಪವೂ ಕೊಲೆಗೆ ಸಮ ಎಂದಾದರೆ ಇವರು ನೇರವಾಗಿ ನರಕಕ್ಕೇ ಬೀಳಬೇಕಿತ್ತಲ್ಲ? ವಿಷ ಹಾಕಿ ಇಬ್ಬರನ್ನೂ ಕೊಂದ ಯಶೋಧರನ ಹೆಂಡತಿ ಅಮೃತಮತಿ ನರಕಕ್ಕೆ ಹೋಗುತ್ತಾಳೆ. ಇವರಿಗೆ ಮಾತ್ರ ಪ್ರಾಣಿಜನ್ಮ. ಕವಿ ಕತೆಯ ಅನುಕೂಲಕ್ಕೆ ಹೀಗೆ ಮಾಡಿದನೋ, ಇದರ ಹಿಂದೆ ಶಾಸ್ತ್ರದ ಲೆಕ್ಕವಿದೆಯೋ?

ತತ್ತ್ವಾರ್ಥಿ

ಲೆಕ್ಕ ಇದೆ, ಅದೂ ಪಕ್ಕಾ ಲೆಕ್ಕ. ಜೈನ ಕಾವ್ಯ ಓದುವಾಗ ಮೊದಲು ಒಂದು ಅಭ್ಯಾಸ ಬಿಡಬೇಕು. ‘ಪಾಪ ಮಾಡಿದ, ನರಕಕ್ಕೆ ಹಾಕಿದರು’ ಎಂದು ಓದಿಕೊಂಡು ಹೋದರೆ ಏನೂ ಹೊಂದಿಕೊಳ್ಳುವುದಿಲ್ಲ. ಹಾಕುವವರೇ ಅಲ್ಲಿಲ್ಲ. ಯಮನ ಓಲಗ, ಚಿತ್ರಗುಪ್ತನ ಕಡತ ಯಾವುದೂ ಇಲ್ಲ. ಮುಂದಿನ ಗತಿಯನ್ನು ತೀರ್ಮಾನಿಸುವುದು ಆಯುಷ್ಯಕರ್ಮ. ಅದು ನಾಲ್ಕು ಬಗೆ: ನರಕ, ತಿರ್ಯಕ್ ಅಂದರೆ ಪ್ರಾಣಿ, ಮನುಷ್ಯ, ದೇವ. ಯಾವುದು ಯಾತರಿಂದ ಕಟ್ಟುತ್ತದೆ ಎಂದು ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಬಹ್ವಾರಂಭಪರಿಗ್ರಹತ್ವದಿಂದ, ಅಂದರೆ ಮಿತಿಮೀರಿದ ಹಿಂಸಾರಂಭ ಮತ್ತು ಮಿತಿಮೀರಿದ ಹಿಡಿತದಿಂದ, ನರಕಾಯು. ಅದರ ಮರುಸೂತ್ರವೇ ‘ಮಾಯಾ ತೈರ್ಯಗ್ಯೋನಸ್ಯ’. ಕಪಟದಿಂದ ಪ್ರಾಣಿಜನ್ಮ.

ಈಗ ಕತೆಗೆ ಬನ್ನಿ. ಯಶೋಧರ ಹೆಂಡತಿಯನ್ನು ಮಾವುತ ಅಷ್ಟಾವಂಕನ ಜೊತೆ ಕಣ್ಣಾರೆ ಕಂಡಿದ್ದಾನೆ. ತಾಯಿಗೆ ಹೇಳುವುದು ಕೆಟ್ಟ ಕನಸಿನ ಕತೆ. ಕನಸಿನ ದೋಷಕ್ಕೆ ದೇವಿಗೆ ಬಲಿ ಕೊಡು ಎಂದು ಅವಳು ಹಟ ಹಿಡಿಯುತ್ತಾಳೆ. ಇವನು ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಪ್ಪುವುದು ಹಿಟ್ಟಿನ ಕೋಳಿಗೆ: ಬಲಿ ಕೊಟ್ಟಂತೆಯೂ ಆಗಬೇಕು, ಕೊಲ್ಲದಂತೆಯೂ ಆಗಬೇಕು. ಕಪಟ ಅಂದರೆ ಇನ್ನೇನು? ಮೊದಲು ತಾಯಿಗೆ ಕಪಟ, ಆಮೇಲೆ ದೇವಿಗೆ, ಕೊನೆಗೆ ತನ್ನ ವ್ರತಕ್ಕೇ. ಫಲ ತಿರ್ಯಗ್ಗತಿ. ಇದನ್ನು ನನ್ನ ಓದು ಎಂದೇ ತಗೊಳ್ಳಿ. ಆದರೆ ಸೂತ್ರ ಮತ್ತು ಕತೆ ಇಷ್ಟು ಸರಿಯಾಗಿ ಕೂರುವಾಗ ಕವಿಗೆ ಅದು ಗೊತ್ತಿರಲಿಲ್ಲ ಎನ್ನುವುದು ಕಷ್ಟ.

ಧ್ಯಾನದ ಕಡೆಯಿಂದ ಬಂದರೂ ಇದೇ ಉತ್ತರ. ಕೆಟ್ಟ ಧ್ಯಾನ ಎರಡು. ಆರ್ತಧ್ಯಾನ ಅಂದರೆ ಕೊರಗು. ಬೇಡದ್ದು ಬಂತು, ಬೇಕಾದ್ದು ಹೋಯಿತು, ನೋವಾಯಿತು, ಮುಂದೆ ಇಂಥದ್ದು ಸಿಗಲಿ ಎಂಬ ನಾಲ್ಕು ಬಗೆಯ ಕೊರಗು. ಅದರ ದಾರಿ ಪ್ರಾಣಿಜನ್ಮಕ್ಕೆ. ರೌದ್ರಧ್ಯಾನ ಅಂದರೆ ಕೆಡುಕಿನಲ್ಲಿ ಸುಖಪಡುವುದು. ಹಿಂಸೆಯಲ್ಲಿ, ಸುಳ್ಳಿನಲ್ಲಿ, ಕಳವಿನಲ್ಲಿ, ಕೂಡಿಟ್ಟದ್ದನ್ನು ಕಾಯುವುದರಲ್ಲಿ. ಅದರ ದಾರಿ ನರಕಕ್ಕೆ. ಯಶೋಧರ ಸಾಯುವಾಗ ಅವನಲ್ಲಿದ್ದದ್ದು ಕೊರಗು, ಕೊಂದ ಖುಷಿ ಅಲ್ಲ.

ಲೆಕ್ಕಿಗ

ಆಯುಷ್ಯ ‘ಕಟ್ಟುತ್ತದೆ’ ಎಂಬುದಕ್ಕೂ ವೇಳಾಪಟ್ಟಿ ಇದೆ, ಅದನ್ನೂ ಸೇರಿಸಿ. ಜೈನ ಶಾಸ್ತ್ರಗ್ರಂಥ ಗೊಮ್ಮಟಸಾರದ ಪರಂಪರೆ ಹೇಳುವ ಪ್ರಕಾರ ಉಳಿದ ಏಳು ಕರ್ಮಗಳು ಎಡೆಬಿಡದೆ ಕಟ್ಟುತ್ತಿರುತ್ತವೆ. ಆಯುಷ್ಯ ಮಾತ್ರ ಎಂಟು ಅವಕಾಶಗಳಲ್ಲಿ. ಬಾಳಿನ ಮೂರನೆಯ ಒಂದು ಭಾಗ ಉಳಿದಾಗ ಮೊದಲ ಅವಕಾಶ. ಆ ಉಳಿದದ್ದರಲ್ಲಿ ಮತ್ತೆ ಮೂರನೆಯ ಒಂದು ಭಾಗ ಉಳಿದಾಗ ಎರಡನೆಯದು. ಹೀಗೇ ಮುಂದಕ್ಕೆ.

81 ವರ್ಷ ಬಾಳುವವನ ಉದಾಹರಣೆ ಹಿಡಿಯಿರಿ. 27 ವರ್ಷ ಉಳಿದಾಗ, ಅಂದರೆ 54ನೆಯ ವಯಸ್ಸಿನಲ್ಲಿ, ಮೊದಲನೆಯದು. ಆಮೇಲೆ 9 ವರ್ಷ, 3 ವರ್ಷ, 1 ವರ್ಷ, 4 ತಿಂಗಳು, 40 ದಿನ, 13 ದಿನ 8 ಗಂಟೆ, ಕಡೆಗೆ 4 ದಿನ 10 ಗಂಟೆ 40 ನಿಮಿಷ ಉಳಿದಾಗ. ಎಂಟರಲ್ಲೂ ಕಟ್ಟದಿದ್ದರೆ ಸಾವಿನ ಮುಂಚಿನ ಕೊನೆಯ ಅಂತರ್ಮುಹೂರ್ತದಲ್ಲಿ, ಅಂದರೆ ಒಂದು ಮುಹೂರ್ತಕ್ಕೂ ಕಿರಿದಾದ ಹೊತ್ತಿನಲ್ಲಿ, ಕಟ್ಟಲೇಬೇಕು. ಆ ಹೊತ್ತಿನಲ್ಲಿ ಮನಸ್ಸಿನ ಭಾವ ಹೇಗಿದೆಯೋ ಹಾಗೆ. ಯಾರಿಗೂ ತನ್ನ ಒಟ್ಟು ಆಯುಷ್ಯ ಗೊತ್ತಿಲ್ಲವಾದ್ದರಿಂದ ಅವಕಾಶ ಬಂದದ್ದೂ ಗೊತ್ತಾಗುವುದಿಲ್ಲ. ‘ಸದಾ ಎಚ್ಚರದಿಂದಿರು’ ಎಂಬ ಉಪದೇಶ ಜೈನ ಕಾವ್ಯಗಳಲ್ಲಿ ಅಷ್ಟೊಂದು ಸಲ ಬರುವುದು ಇದಕ್ಕೇ.

ಫ್ಲಾರೆನ್ಸ್ ದಾರಿ

ನಡುವೆ ಬಾಯಿ ಹಾಕುತ್ತೇನೆ. ಕಪಟಕ್ಕೆ ಹಗುರ ಫಲ, ಹಿಂಸೆಗೆ ಭಾರೀ ಫಲ ಎಂಬ ಈ ಕ್ರಮ ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮಿಡಿ’ಯಲ್ಲಿ ತಲೆಕೆಳಗಾಗಿದೆ. ಅವನ ನರಕಕ್ಕೆ ಒಂಬತ್ತು ಸುತ್ತು. ಮೊದಲನೆಯದು ದೀಕ್ಷಾಸ್ನಾನ ಸಿಗದ ಸಜ್ಜನರಿಗೆ. ಎರಡರಿಂದ ಐದರವರೆಗೆ ಕಾಮ, ಹೊಟ್ಟೆಬಾಕತನ, ದುರಾಸೆ, ಸಿಟ್ಟು ಹೀಗೆ ಹಿಡಿತ ತಪ್ಪಿದವರು. ಆರನೆಯದು ಪಾಷಂಡಿಗಳಿಗೆ. ಏಳನೆಯದು ಹಿಂಸೆಗೆ. ಕಪಟ ಅದಕ್ಕೂ ಕೆಳಗೆ, ಎಂಟರಲ್ಲಿ, ಹತ್ತು ಕಂದಕಗಳಲ್ಲಿ. ನಂಬಿದವರಿಗೆ ಬಗೆದ ದ್ರೋಹ ಒಂಬತ್ತರಲ್ಲಿ. ಬುದ್ಧಿ ಮನುಷ್ಯನಿಗೆ ಮಾತ್ರ ಸಿಕ್ಕ ವರ, ಅದನ್ನು ಕೆಡುಕಿಗೆ ಬಳಸಿದ್ದು ಪ್ರಾಣಿಸಹಜ ಸಿಟ್ಟಿಗಿಂತ ಹೀನ ಎಂಬುದು ಅಲ್ಲಿಯ ತರ್ಕ. ಆ ಪ್ರಕಾರ ಯಶೋಧರ ಅಮೃತಮತಿಯ ಹತ್ತಿರದ ನೆರೆಯವನಾಗುತ್ತಿದ್ದ!

ಇನ್ನೂ ಒಂದು. ಆ ನರಕದ ತಳದಲ್ಲಿ ಬೆಂಕಿ ಇಲ್ಲ, ಮಂಜುಗಡ್ಡೆ ಇದೆ. ಕೊಸೀಟಸ್ ಎಂಬ ಸರೋವರ ಲೂಸಿಫರನ ರೆಕ್ಕೆ ಬೀಸುವ ಗಾಳಿಗೇ ಹೆಪ್ಪುಗಟ್ಟಿದೆ. ದ್ರೋಹಿಗಳು ಅದರಲ್ಲಿ ಹುದುಗಿದ್ದಾರೆ, ಅಳಲು ಹೋದರೆ ಕಣ್ಣೀರೂ ರೆಪ್ಪೆಗೆ ಹೆಪ್ಪುಗಟ್ಟುತ್ತದೆ. ಪ್ರೀತಿ ಪೂರ್ತಿ ಆರಿದ ಜಾಗ ಎಂಬ ಅರ್ಥ. ಜೈನ ನರಕದಲ್ಲೂ ಚಳಿ ಇದೆ ಎಂದು ಓದಿದ ನೆನಪು. ಲೆಕ್ಕಿಗರು ಹೇಳಬೇಕು.

ಲೆಕ್ಕಿಗ

ಇದೆ. ದಿಗಂಬರ ಪರಂಪರೆಯ ಲೋಕವರ್ಣನೆಯ ಗ್ರಂಥ ತಿಲೋಯಪಣ್ಣತ್ತಿಯಲ್ಲಿ ಇರುವ ಲೆಕ್ಕವನ್ನೇ ಕೊಡುತ್ತೇನೆ. ಏಳು ಭೂಮಿ, ಮೇಲಿನಿಂದ ಕೆಳಕ್ಕೆ ನರಕಬಿಲಗಳು ಹೀಗೆ: ರತ್ನಪ್ರಭೆಯಲ್ಲಿ 30 ಲಕ್ಷ, ಶರ್ಕರಾಪ್ರಭೆಯಲ್ಲಿ 25 ಲಕ್ಷ, ವಾಲುಕಾಪ್ರಭೆಯಲ್ಲಿ 15 ಲಕ್ಷ, ಪಂಕಪ್ರಭೆಯಲ್ಲಿ 10 ಲಕ್ಷ, ಧೂಮಪ್ರಭೆಯಲ್ಲಿ 3 ಲಕ್ಷ, ತಮಃಪ್ರಭೆಯಲ್ಲಿ 99,995, ಮಹಾತಮಃಪ್ರಭೆಯಲ್ಲಿ ಬರೀ 5. ಕೂಡಿದರೆ ಸರಿಯಾಗಿ 84 ಲಕ್ಷ. ಪಟಲಗಳು, ಅಂದರೆ ಅಂತಸ್ತುಗಳು, 13, 11, 9, 7, 5, 3, 1. ಕೂಡಿದರೆ 49, ಏಳರ ವರ್ಗ.

ಮೊದಲ ನಾಲ್ಕು ಭೂಮಿ ಪೂರ್ತಿ ಬಿಸಿ. ಐದನೆಯದರಲ್ಲಿ ಮುಕ್ಕಾಲು ಪಾಲು ಬಿಸಿ, ಕಾಲು ಪಾಲು ಚಳಿ. ಆರು, ಏಳು ಪೂರ್ತಿ ಚಳಿ. ಬಿಸಿ ಬಿಲ 82,25,000, ಚಳಿಯವು 1,75,000. ಹೀಗಾಗಿ ತಳದಲ್ಲಿ ಚಳಿ ಎಂಬಷ್ಟರ ಮಟ್ಟಿಗೆ ಇಬ್ಬರೂ ಒಂದೇ. ಕಾರಣ ಬೇರೆ. ಇಲ್ಲಿ ಯಾರ ರೆಕ್ಕೆಯೂ ಬೀಸಬೇಕಿಲ್ಲ, ಕ್ಷೇತ್ರದ ಸ್ವಭಾವವೇ ಹಾಗೆ.

ನಾರಕಿಯ ದೇಹದ ಎತ್ತರವೂ ಒಂದೊಂದು ಭೂಮಿ ಇಳಿದಂತೆ ಇಮ್ಮಡಿ. ಮೊದಲನೆಯದರಲ್ಲಿ 7 ಧನುಸ್ಸು 3 ಹಸ್ತ 6 ಅಂಗುಲ, ಏಳನೆಯದರಲ್ಲಿ 500 ಧನುಸ್ಸು. ಈ 7–3–6 ಎಂಬ ಅಡ್ಡಾದಿಡ್ಡಿ ಸಂಖ್ಯೆ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುವವರಿಗೆ: 500ನ್ನು ಆರು ಸಲ ಅರ್ಧ ಮಾಡಿ, ಧನುಸ್ಸಿಗೆ 4 ಹಸ್ತ, ಹಸ್ತಕ್ಕೆ 24 ಅಂಗುಲ ಹಿಡಿಯಿರಿ. ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲದೆ ಅದೇ ಬರುತ್ತದೆ. ದೇಹ ದೊಡ್ಡದಾದಷ್ಟೂ ನೋವಿಗೆ ಜಾಗ ಹೆಚ್ಚು.

ಕಂದಪದ್ಯ

ಅಂಕಿಗಳು ಚೆನ್ನಾಗಿವೆ. ಆದರೆ ಇವು ಕಾವ್ಯಕ್ಕೆ ಏನು ಮಾಡುತ್ತವೆ? ಹೆದರಿಸುವುದೊಂದೇ ಕೆಲಸವಾದರೆ ಇಷ್ಟು ನಿಖರತೆ ಯಾಕೆ?

ತತ್ತ್ವಾರ್ಥಿ

ಹೆದರಿಸುವುದಕ್ಕೆ ಅನಂತ ಎಂದರೆ ಸಾಕಿತ್ತು. ಇಲ್ಲಿ ಎಲ್ಲಕ್ಕೂ ಅಳತೆ ಇರುವುದು ಎಲ್ಲಕ್ಕೂ ಕೊನೆ ಇದೆ ಎಂದು ಹೇಳಲು. ಏಳು ಭೂಮಿಗಳ ಗರಿಷ್ಠ ಆಯುಷ್ಯ ಕ್ರಮವಾಗಿ 1, 3, 7, 10, 17, 22, 33 ಸಾಗರೋಪಮ. ಸಾಗರ ಅಂದರೆ ಹತ್ತು ಕೋಟಿ ಕೋಟಿ ಪಲ್ಯ. ಪಲ್ಯಕ್ಕೆ ಒಂದು ಯೋಜನ ಅಗಲ, ಒಂದು ಯೋಜನ ಆಳದ ಗುಂಡಿ ತುಂಬ ಎಳೆ ಕುರಿಮರಿಯ ರೋಮದ ಚೂರು ತುಂಬಿ, ನೂರು ವರ್ಷಕ್ಕೊಂದು ತೆಗೆಯುವ ಲೆಕ್ಕ. ಅದೂ ತೀರಾ ಚಿಕ್ಕ ಪಲ್ಯ, ಆಯುಷ್ಯ ಅಳೆಯುವ ಅದ್ಧಾಪಲ್ಯ ಎಷ್ಟೋ ಪಟ್ಟು ದೊಡ್ಡದು. ಊಹೆಗೆ ನಿಲುಕದ ಉದ್ದ, ಆದರೂ ಮುಗಿಯುವ ಉದ್ದ. ಮುಗಿದ ಮೇಲೆ ಏನು ಎಂಬುದಕ್ಕೂ ಪಟ್ಟಿ ಇದೆ. ಏಳನೆಯದರಿಂದ ಹೊರಬಂದವರು ಪ್ರಾಣಿಗಳಾಗಿಯೇ ಹುಟ್ಟುತ್ತಾರೆ. ನಾಲ್ಕನೆಯದರಿಂದ ಬಂದವರಿಗೆ ಮೋಕ್ಷವೂ ಸಾಧ್ಯ, ತೀರ್ಥಂಕರ ಪದವಿ ಇಲ್ಲ. ಮೊದಲ ಮೂರರಿಂದ ಬಂದವರು ತೀರ್ಥಂಕರರೂ ಆಗಬಹುದು.

ಮಗಧದ ಶ್ರೇಣಿಕನ ಕತೆ ಇದಕ್ಕೆ ಸಾಕ್ಷಿ. ಧ್ಯಾನದಲ್ಲಿದ್ದ ಮುನಿಯ ಕೊರಳಿಗೆ ಸತ್ತ ಹಾವು ಹಾಕಿ ಏಳನೆಯ ನರಕದ 33 ಸಾಗರದ ಆಯುಷ್ಯ ಕಟ್ಟಿಕೊಂಡ. ಆಮೇಲೆ ಕ್ಷಾಯಿಕ ಸಮ್ಯಕ್ತ್ವ, ಅಂದರೆ ಮತ್ತೆ ಕೆಡದ ಸರಿಯಾದ ಶ್ರದ್ಧೆ, ಬಂತು. ಕಟ್ಟಿದ ಗತಿ ಬದಲಾಗದು, ನರಕ ನರಕವೇ. ಅವಧಿ ಮಾತ್ರ ಇಳಿಯಬಹುದು. ಇಳಿದು ಮೊದಲ ಭೂಮಿಯ 84,000 ವರ್ಷಕ್ಕೆ ನಿಂತಿತು. ಅಲ್ಲಿಯ ಮೊದಲ ಪಟಲದ ಗರಿಷ್ಠ ಆಯುಷ್ಯ 90,000 ವರ್ಷ, ಹಾಗಾಗಿ ಅದು ಅಲ್ಲೇ ಕೂರುತ್ತದೆ. ಅಲ್ಲಿಂದ ಬಂದು ಅವನೇ ಮುಂದಿನ ಕಾಲಚಕ್ರದ ಮೊದಲ ತೀರ್ಥಂಕರ. ನರಕದಲ್ಲಿ ಇವತ್ತು ನರಳುತ್ತಿರುವವನು ನಾಳೆ ಪೂಜೆಗೊಳ್ಳುವವನು. ಡಾಂಟೆಯ ಬಾಗಿಲ ಮೇಲೆ ಒಳಗೆ ಬರುವವರು ಆಸೆಯನ್ನೆಲ್ಲ ಬಿಟ್ಟು ಬನ್ನಿ ಎಂದು ಬರೆದಿದೆ. ರತ್ನಪ್ರಭೆಯ ಬಾಗಿಲಿಗೆ ಆ ಹಲಗೆ ಹೊಂದುವುದಿಲ್ಲ.

ಚಾವಡಿ

ಈ ಪಟ್ಟಿಗಳನ್ನು ಬರೀ ಕುತೂಹಲವೆಂದು ದಾಟಬೇಡಿ, ಅವುಗಳ ಮೇಲೆ ಕನ್ನಡ ನೆಲದಲ್ಲೇ ದೊಡ್ಡ ಜಗಳ ನಡೆದಿದೆ. ಯಾವ ಜೀವಿ ಎಷ್ಟು ಕೆಳಗೆ ಬೀಳಬಲ್ಲದು ಎಂಬ ಪಟ್ಟಿಯಲ್ಲಿ ಗಂಡಸೂ ಮೀನೂ ಏಳನೆಯ ನರಕದವರೆಗೆ, ಹೆಂಗಸು ಆರನೆಯದರವರೆಗೆ ಮಾತ್ರ. ‘ಅಷ್ಟು ತೀವ್ರ ಪಾಪ ಮಾಡಲಾರದವಳು ಅಷ್ಟು ತೀವ್ರ ತಪಸ್ಸನ್ನೂ ಮಾಡಲಾರಳು, ಆದ್ದರಿಂದ ಸ್ತ್ರೀಯಾಗಿ ಮೋಕ್ಷವಿಲ್ಲ’ ಎಂದು ದಿಗಂಬರ ವಾದ. ಇದಕ್ಕೆ ಉತ್ತರ ಕೊಟ್ಟವನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಎಂಬ ಜೈನ ಪಂಥದ ವೈಯಾಕರಣ ಶಾಕಟಾಯನ, 9ನೆಯ ಶತಮಾನ. ಅವನ ಉತ್ತರದ ಒಂದು ಎಳೆ ಇದು: ತೆವಳುವ ಪ್ರಾಣಿ, ಹಕ್ಕಿ, ಹಾವು ಇವುಗಳ ಕೆಳಗಿನ ಮಿತಿ ಬೇರೆ ಬೇರೆ. ಮೇಲಕ್ಕೆ ಮಾತ್ರ ಎಲ್ಲವೂ ಸಹಸ್ರಾರ ಸ್ವರ್ಗದವರೆಗೆ ಹೋಗಬಲ್ಲವು. ಬೀಳುವ ಆಳಕ್ಕೂ ಏರುವ ಎತ್ತರಕ್ಕೂ ಹಾಗಾದರೆ ನಂಟೆಲ್ಲಿ? ಎದುರಾಳಿಯ ಪಟ್ಟಿಯಿಂದಲೇ ಎದುರಾಳಿಯನ್ನು ಕೆಡವಿದ್ದು.

ತತ್ತ್ವಾರ್ಥಿ

ಮೀನಿನ ಮಾತು ಬಂದದ್ದು ಒಳ್ಳೆಯದಾಯಿತು. ಕಂದಪದ್ಯದವರ ಮೂಲ ಪ್ರಶ್ನೆಗೆ ಇನ್ನೊಂದು ಕೊಂಡಿ ಅಲ್ಲಿದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯ ಬಾಯಿ ತೆರೆದು ಮಲಗಿರುತ್ತದೆ. ಸಣ್ಣ ಮೀನುಗಳು ಆ ಬಾಯಲ್ಲಿ ಹೋಗಿ ಬರುತ್ತಿರುತ್ತವೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟಿರುವ ತಂದುಲಮತ್ಸ್ಯ ಕೂತು ‘ನನಗೆ ಇಂಥ ಬಾಯಿ ಇದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದುಕೊಳ್ಳುತ್ತದೆ. ಒಂದನ್ನೂ ತಿಂದಿಲ್ಲ. ಸತ್ತು ಏಳನೆಯ ನರಕಕ್ಕೆ ಹೋಗುತ್ತದೆ. ಜೈನ ಆಚಾರ್ಯ ಕುಂದಕುಂದರ ಭಾವಪಾಹುಡದಲ್ಲೇ ಇದರ ಉಲ್ಲೇಖ ಇದೆ.

ಆದ್ದರಿಂದ ಬರೀ ಸಂಕಲ್ಪಕ್ಕೆ ನರಕ ಸಿಗುವುದಿಲ್ಲ ಎಂಬುದು ತಪ್ಪು. ಸಿಗುತ್ತದೆ, ಸಂಕಲ್ಪದಲ್ಲಿ ರುಚಿ ಇದ್ದರೆ. ಆದಿಪುರಾಣದ ಅರವಿಂದ ರಾಜನೂ ಹೀಗೆಯೇ. ಜ್ವರದಿಂದ ಬೇಯುತ್ತಿದ್ದವನ ಮೈಮೇಲೆ ಹಲ್ಲಿಯ ಬಾಲ ತುಂಡಾಗಿ ನೆತ್ತರ ಹನಿ ಬಿದ್ದು ತಂಪೆನಿಸಿತು. ನೆತ್ತರಿನ ಕೊಳವನ್ನೇ ಮಾಡಿಸು ಎಂದು ಮಗ ಕುರುವಿಂದನಿಗೆ ಅಪ್ಪಣೆ. ಪಾಪಕ್ಕೆ ಅಂಜಿದ ಮಗ ಅರಗಿನ ಕೆಂಪುನೀರು ತುಂಬಿಸಿದ. ಅಪ್ಪ ನೆತ್ತರೆಂದೇ ನಂಬಿ ಈಜಾಡಿದ, ಬಾಯಿಗೆ ತಗೊಂಡಾಗ ಮೋಸ ಗೊತ್ತಾಯಿತು. ಮಗನನ್ನು ಕೊಲ್ಲಲು ಓಡಿ, ಎಡವಿ, ತನ್ನ ಕತ್ತಿಯ ಮೇಲೇ ಬಿದ್ದು ಸತ್ತು ನರಕಕ್ಕೆ ಹೋದ. ಅಲ್ಲೂ ಕೃತಕ ನೆತ್ತರು, ಇಲ್ಲೂ ಕೃತಕ ಕೋಳಿ. ಒಬ್ಬನಿಗೆ ನರಕ, ಇನ್ನೊಬ್ಬನಿಗೆ ನವಿಲುಜನ್ಮ. ವ್ಯತ್ಯಾಸ ಮಾಡಿದ್ದು ಕೊಳದಲ್ಲಿದ್ದ ಪದಾರ್ಥವಲ್ಲ, ಈಜುವವನ ಹಿಗ್ಗು.

ಕೂಡಲಿ

ಜೈನರ ಚರ್ಚೆಯಲ್ಲೇ ಮುಳುಗಿಬಿಟ್ಟಿರಿ. ಜನ್ನನಿಗಿಂತ ಅರ್ಧ ಶತಮಾನ ಮೊದಲೇ ಕಲ್ಯಾಣದಲ್ಲಿ ಈ ಏಳು ಭೂಮಿಗಳನ್ನೆಲ್ಲ ಮಡಚಿಟ್ಟಿದ್ದರು. ‘ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿರೋ’ ಎಂದು ಶುರುವಾಗುವ ಬಸವಣ್ಣನ ವಚನ ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಎಂದು ಮುಗಿಸುತ್ತದೆ. ಸತ್ತ ಮೇಲಿನ ಜಾಗ ಬೇಕಿಲ್ಲ, ಆಚಾರ ತಪ್ಪಿದ ಕ್ಷಣವೇ ನರಕ. ‘ಅಯ್ಯಾ ಎಂದಡೆ ಸ್ವರ್ಗ, ಎಲವೊ ಎಂದಡೆ ನರಕ’ ಎಂಬಲ್ಲಂತೂ ನರಕ ಎದುರಿನವನನ್ನು ಕರೆಯುವ ದನಿಯಲ್ಲೇ ಇದೆ.

ಚಾವಡಿ

ಈ ಎರಡು ಸಾಲು ಭಾಷಣಗಳಲ್ಲಿ ಸವೆದುಹೋಗಿವೆ, ಸ್ವಲ್ಪ ನಿಧಾನ. ಎರಡು ಕಡೆ ಎಡವುವುದು ಸಾಮಾನ್ಯ.

ಒಂದು, ‘ಅನಾಚಾರ’ವನ್ನು ಇವತ್ತಿನ ‘ಕೆಟ್ಟ ನಡತೆ’ ಎಂದು ಓದುವುದು. ಶರಣರಿಗೆ ಆಚಾರ ಅಂದರೆ ಪಂಚಾಚಾರ: ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಲಿಂಗಕ್ಕಲ್ಲದೆ ಬೇರೆ ದೈವಕ್ಕೆ ಎರಗುವುದು, ದುಡಿಯದೆ ಉಣ್ಣುವುದು, ಲಿಂಗ ಧರಿಸಿದವನಲ್ಲಿ ಜಾತಿ ಹುಡುಕುವುದು, ಗಣದ ಅವಮಾನವನ್ನು ಸಹಿಸುವುದು, ತಾನು ಹಿರಿಯನೆಂದು ಬೀಗುವುದು, ಇವೆಲ್ಲ ಅನಾಚಾರ. ಪಟ್ಟಿ ಖಚಿತವಾಗಿದೆ, ಅರ್ಧಕ್ಕರ್ಧ ಸಾಮಾಜಿಕವಾಗಿದೆ.

ಎರಡು, ವಚನಕಾರರು ನರಕವನ್ನೇ ತೆಗೆದುಹಾಕಿದರು ಎನ್ನುವುದು. ‘ನಾಯಕನರಕ ತಪ್ಪದು’, ‘ಅಘೋರನರಕ’ ಎಂಬ ಮಾತು ವಚನಗಳಲ್ಲಿ ಧಾರಾಳ, ಚೆನ್ನಬಸವಣ್ಣನಲ್ಲಿ ಇನ್ನೂ ಧಾರಾಳ. ಬಯ್ಯುವಾಗ ಹಳೆಯ ನರಕ ಬೇಕು, ಅನುಭಾವ ಹೇಳುವಾಗ ಬೇಡ. ಎರಡೂ ಒಟ್ಟಿಗೇ ಇವೆ. ಒಂದನ್ನೇ ಆರಿಸಿ ಚೌಕಟ್ಟು ಹಾಕಿದರೆ ನಮ್ಮ ಕಾಲದ ಬಸವಣ್ಣ ಸಿಗುತ್ತಾನೆ, ಆ ಕಾಲದವನಲ್ಲ.

ಕೂಡಲಿ

ಬೈಗುಳದ ನರಕ ಇದೆ, ಒಪ್ಪಿದೆ. ಆದರೂ ಅಲ್ಲಿ ಒಂದು ಬೇರೆಯೇ ಮಾತಿದೆ, ಅದನ್ನು ಬಿಡಲಾಗದು. ‘ಎಲವೋ ಎಲವೋ ಪಾಪಕರ್ಮವ ಮಾಡಿದವನೆ’ ಎಂದು ಕರೆದು ‘ಒಮ್ಮೆ ಶರಣೆನ್ನೆಲವೊ’ ಎನ್ನುತ್ತಾನೆ ಬಸವಣ್ಣ. ಬ್ರಹ್ಮಹತ್ಯೆ ಮಾಡಿದವನಿಗೂ ಅದೇ ಕರೆ. ಪ್ರಾಯಶ್ಚಿತ್ತಕ್ಕೆ ಹೊನ್ನಿನ ಬೆಟ್ಟ ಸುರಿದರೂ ಸಾಲದು, ಶರಣು ಎಂಬ ಒಂದು ಮಾತು ಸಾಕು. ಶ್ರೇಣಿಕನಿಗೆ ಸಮ್ಯಕ್ತ್ವ ಬಂದರೂ 84,000 ವರ್ಷ ಉಳಿಯಿತು. ಇಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಪಾಪವನ್ನು ಆತ್ಮಕ್ಕೆ ಅಂಟಿದ ಪುದ್ಗಲ, ಅಂದರೆ ಜಡವಸ್ತು, ಎಂದು ಕಂಡವರಿಗೆ ಸವೆಸಲು ಕಾಲ ಬೇಕು. ಸಂಬಂಧ ಕೆಟ್ಟದ್ದೇ ಪಾಪ ಎಂದು ಕಂಡವರಿಗೆ ತಿರುಗಿ ನಿಂತರೆ ಸಾಕು.

ಗೆಜ್ಜೆತಾಳ

ತಿರುಗಿ ನಿಲ್ಲುವುದೂ ಬೇಡ ಎನ್ನುವ ಕತೆ ದಾಸರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ: ಅಜಾಮಿಳ. ಭಾಗವತದ ಆರನೆಯ ಸ್ಕಂಧ. ಸಾಯುವ ಹೊತ್ತಿಗೆ ಕರೆದದ್ದು ಮಗನನ್ನು, ಮಗನ ಹೆಸರು ನಾರಾಯಣ. ಯಮದೂತರು ಬರಿಗೈಯಲ್ಲಿ ಹಿಂದಿರುಗಿದರು. ತಂದುಲಮತ್ಸ್ಯದ ಪಕ್ಕ ಇದನ್ನು ಇಟ್ಟು ನೋಡಿ. ಅಲ್ಲಿ ಕ್ರಿಯೆ ಇಲ್ಲ, ಬರೀ ಭಾವ, ಅಷ್ಟಕ್ಕೇ ಮುಳುಗಿತು. ಇಲ್ಲಿ ಭಾವ ಇಲ್ಲ, ಬರೀ ಮಾತು, ಅಷ್ಟಕ್ಕೇ ತೇಲಿದ. ಆ ಭಾಗವತವೇ ಐದನೆಯ ಸ್ಕಂಧದ ಕೊನೆಯಲ್ಲಿ 28 ನರಕಗಳನ್ನು ಒಂದೊಂದಾಗಿ ಹೆಸರಿಟ್ಟು ವರ್ಣಿಸಿ, ಅದರ ಬೆನ್ನಿಗೇ ಈ ಕತೆ ಹೇಳುತ್ತದೆ. ಪಟ್ಟಿಯನ್ನೂ ಕೊಟ್ಟು ಪಟ್ಟಿಯಿಂದ ಪಾರಾಗುವ ಬಾಗಿಲನ್ನೂ ಮುಂದಿನ ಅಧ್ಯಾಯದಲ್ಲೇ ತೆರೆದಿಟ್ಟಿದೆ.

ಪುರಂದರದಾಸರು ಯಮನನ್ನೇ ಬೇರೆ ಮಾಡಿಬಿಡುತ್ತಾರೆ. ಯಮ ಎಲ್ಲೂ ಕಾಣೆ ಎನ್ನಬೇಡ, ಯಮನೇ ಶ್ರೀರಾಮ. ನಂಬಿದ ವಿಭೀಷಣನಿಗೆ ರಾಮ, ನಂಬದ ರಾವಣನಿಗೆ ಯಮ. ಜೈನರಲ್ಲಿ ಇಲ್ಲದ ನ್ಯಾಯಾಧೀಶ ಇಲ್ಲಿ ಇದ್ದಾನೆ. ಆದರೆ ಅವನ ಮುಖ ಎದುರು ನಿಂತವನ ಭಾವದಿಂದ ತೀರ್ಮಾನ.

ಚಾವಡಿ

ಹಾಡು ಸೊಗಸು. ಹಿಂದಿರುವ ತತ್ತ್ವ ಅಷ್ಟು ಮೃದುವಲ್ಲ, ಅದನ್ನೂ ಹೇಳಿಬಿಡಿ.

ಗೆಜ್ಜೆತಾಳ

ಹೌದು. ಮಧ್ವರು ಜೀವರನ್ನು ಮೂರು ವಿಂಗಡಿಸಿದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕೊನೆಯವರ ಗತಿ ಅಂಧಂತಮಸ್ಸು, ಅಂದರೆ ಕುರುಡುಗತ್ತಲೆ, ಅದಕ್ಕೆ ಅವಧಿಯಿಲ್ಲ. ಭಾರತದ ದರ್ಶನಗಳಲ್ಲಿ ಇದು ತೀರಾ ಅಪರೂಪ. ಬೇರೆಲ್ಲ ಕಡೆ ನರಕ ಎಷ್ಟು ಉದ್ದವಾದರೂ ತಂಗುದಾಣ. ಇಲ್ಲಿ ತಮಸ್ಸು ಕೊನೆಯ ನಿಲ್ದಾಣ. ಜೀವದ ಸ್ವರೂಪವೇ ಹಾಗೆ, ಹರಿ ಅದನ್ನು ಹೊರಗೆಡಹುತ್ತಾನೆ ಅಷ್ಟೆ, ಆದ್ದರಿಂದ ಅವನಿಗೆ ಕ್ರೌರ್ಯದ ದೋಷವಿಲ್ಲ ಎಂಬುದು ಸಮರ್ಥನೆ. ಹೀಗೆ ನೋಡಿದರೆ ಅಜಾಮಿಳ ಬಚಾವಾದದ್ದು ಆಕಸ್ಮಿಕ ಅಲ್ಲ, ಅವನ ಸ್ವರೂಪದಲ್ಲೇ ಯೋಗ್ಯತೆ ಇತ್ತು.

ಒಂದು ಕಾಲದ ಹೊಂದಿಕೆ: ಮಧ್ವರು 1238–1317, ಡಾಂಟೆ 1265–1321. ಉಡುಪಿಯಲ್ಲೂ ಫ್ಲಾರೆನ್ಸಿನವನ ಕಾವ್ಯದಲ್ಲೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕೊನೆಯಿಲ್ಲದ ನರಕ. ಸಂಪರ್ಕ ಇತ್ತು ಎಂದು ಹೊರಡುವವರು ದಯವಿಟ್ಟು ಬೇರೆ ಎಳೆ ತೆರೆಯಿರಿ.

ಫ್ಲಾರೆನ್ಸ್ ದಾರಿ

ತೆರೆಯುವುದಿಲ್ಲ, ಹೆದರಬೇಡಿ. ಕೊನೆಯ ಗಳಿಗೆಯ ಲೆಕ್ಕಕ್ಕೆ ಮಾತ್ರ ಎರಡು ಪಾತ್ರ ಕೊಡುತ್ತೇನೆ, ತಂದೆ ಮತ್ತು ಮಗ.

ತಂದೆ ಗ್ವೀದೋ ದ ಮೊಂತೆಫೆಲ್ತ್ರೋ, ನರಕಕಾಂಡದ 27ನೆಯ ಸರ್ಗ. ಯುದ್ಧತಂತ್ರದ ನರಿ. ಕೊನೆಗಾಲಕ್ಕೆ ಸನ್ಯಾಸಿಯಾದ. ಪೋಪ್ ಎಂಟನೆಯ ಬೋನಿಫಾಚೆ ಬಂದು ಶತ್ರುವಿನ ಕೋಟೆ ಹಿಡಿಯಲು ಒಂದು ಕಪಟದ ಸಲಹೆ ಕೊಡು, ಪಾಪವನ್ನು ಈಗಲೇ ಕ್ಷಮಿಸಿಬಿಡುತ್ತೇನೆ ಎಂದ. ಕೊಟ್ಟ. ಸತ್ತಾಗ ಸಂತ ಫ್ರಾನ್ಸಿಸ್ ಆತ್ಮವನ್ನು ಕೊಂಡೊಯ್ಯಲು ಬಂದರೆ ಒಂದು ಪಿಶಾಚಿ ಅಡ್ಡ ಹಾಕಿ ತರ್ಕ ಮಂಡಿಸುತ್ತದೆ: ಪಶ್ಚಾತ್ತಾಪ ಇಲ್ಲದವನಿಗೆ ಕ್ಷಮೆ ಇಲ್ಲ. ಒಂದು ಪಾಪವನ್ನು ಬಯಸುತ್ತಲೇ ಅದಕ್ಕೆ ಪಶ್ಚಾತ್ತಾಪಪಡುವುದು ಆಗದ ಮಾತು. ಪಿಶಾಚಿಯೇ ಗೆಲ್ಲುತ್ತದೆ. ಮುಂಗಡ ಕ್ಷಮೆಯೂ ಒಂದು ಹಿಟ್ಟಿನ ಕೋಳಿಯೇ.

ಮಗ ಬ್ವೊನ್‌ಕೊಂತೆ, ಶುದ್ಧಿಕಾಂಡದ 5ನೆಯ ಸರ್ಗ. 1289ರ ಕಾಂಪಾಲ್ದೀನೋ ಕಾಳಗದಲ್ಲಿ ಗಂಟಲು ಸೀಳಿ ಸತ್ತ. ಬಾಳೆಲ್ಲ ಹೊಡೆದಾಟ. ಕೊನೆಯ ಉಸಿರಲ್ಲಿ ‘ಮರಿಯಾ’ ಎಂದ, ಒಂದು ಹನಿ ಕಣ್ಣೀರು. ದೇವದೂತ ಆತ್ಮ ಎತ್ತಿಕೊಂಡ. ಒಂದು ಸಣ್ಣ ಕಣ್ಣೀರಿಗೆ ಕಸಿದುಕೊಂಡೆಯಲ್ಲ ಎಂದು ಪಿಶಾಚಿ ಸಿಟ್ಟಿನಿಂದ ಹೆಣವನ್ನು ಹೊಳೆಗೆ ಕೊಚ್ಚಿಸಿತು. ಆ ಕಾಳಗದಲ್ಲಿ ಎದುರು ಪಕ್ಷಕ್ಕೆ ಡಾಂಟೆಯೇ ಹೋರಾಡಿದ್ದ ಎಂಬುದು ಗಮನಕ್ಕಿರಲಿ. ಎದುರಾಳಿಯನ್ನು ಕೊನೆಯ ಗಳಿಗೆಯ ಹೆಸರೊಂದರಿಂದ ಪಾರು ಮಾಡಿದ್ದಾನೆ. ಅಜಾಮಿಳನಿಗಿಂತ ಇದು ಒಂದು ಹೆಜ್ಜೆ ಕಟ್ಟುನಿಟ್ಟು: ಇವನು ಕರೆದದ್ದು ಮಗಳನ್ನಲ್ಲ, ಗೊತ್ತಿದ್ದೇ ಕರೆದದ್ದು.

ಬಸವಣ್ಣನ ಕಡೆಗೂ ಒಂದು ಸೇತುವೆ ಇದೆ. ನರಕಕಾಂಡದ 33ನೆಯ ಸರ್ಗದಲ್ಲಿ ಅತಿಥಿಗಳನ್ನು ಕೊಂದವರ ಆತ್ಮ ದ್ರೋಹ ಮಾಡಿದ ಕ್ಷಣವೇ ಮಂಜಿಗೆ ಬಿದ್ದಿದೆ. ಮೇಲೆ ದೇಹ ಇನ್ನೂ ಉಣ್ಣುತ್ತ ಉಡುತ್ತ ಓಡಾಡುತ್ತಿದೆ, ಒಳಗೆ ಪಿಶಾಚಿ ಕೂತಿದೆ. ಸಾಯುವವರೆಗೆ ಕಾಯದ ನರಕ.

ಲೆಕ್ಕಿಗ

ಜೈನರಲ್ಲಿ ಅದು ಆಗುವುದೇ ಇಲ್ಲ. ಆಯುಷ್ಯ ಕಟ್ಟಿದ ಮೇಲೂ ಈ ಬಾಳು ಮುಗಿಯುವವರೆಗೆ ಅದು ಉದಯಕ್ಕೆ ಬಾರದು, ಅಂದರೆ ಫಲ ಕೊಡದು. ಆ ನಡುವಿನ ಅವಧಿಯಲ್ಲೇ ಶ್ರೇಣಿಕನಂಥವರ ಅವಧಿ ಇಳಿಯುವುದು.

ಕಂದಪದ್ಯ

ಯಶೋಧರನ ಲೆಕ್ಕ ಈಗ ಸರಿ ಕೂತಿತು. ಅಮೃತಮತಿಯದ್ದು ಕೂರುತ್ತಿಲ್ಲ. ಅವಳಿಗೆ ನರಕ ಕೊಟ್ಟದ್ದು ಜಾರಿಕೆಗೋ, ಕೊಲೆಗೋ?

ತತ್ತ್ವಾರ್ಥಿ

ಕ್ರಮ ನೋಡಿ. ಅವಳ ಗುಟ್ಟು ಗಂಡನಿಗೆ ಗೊತ್ತಾಗಿದೆ ಎಂಬ ಸುಳಿವು ಅವಳಿಗೆ ಸಿಗುತ್ತದೆ, ವಿಷದ ಊಟ ಆಮೇಲಿನದು. ತನ್ನ ಸುಖ ಉಳಿಸಿಕೊಳ್ಳಲು ಎರಡು ಕೊಲೆ. ರೌದ್ರಧ್ಯಾನದ ನಾಲ್ಕನೆಯ ಬಗೆ, ವಿಷಯಸಂರಕ್ಷಣ, ಇದೇ. ಬಯಕೆಯಿಂದಷ್ಟೇ ಬಿದ್ದವಳಲ್ಲ, ಬಯಕೆಯನ್ನು ಕಾಯಲು ಕೊಂದು ಬಿದ್ದವಳು. ಆಮೇಲೂ ಪಶ್ಚಾತ್ತಾಪ ಇಲ್ಲ.

ಚಾವಡಿ

ಶಾಸ್ತ್ರ ಅಷ್ಟು ಹೇಳಿ ಸುಮ್ಮನಾಗುತ್ತದೆ, ಜನ್ನ ಸುಮ್ಮನಾಗುವುದಿಲ್ಲ. ‘ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ’ ಎನ್ನುತ್ತಾನೆ. ಕಾಮನ ಮಾಯೆಗೆ ವಿಧಿಯ ಆಟವೂ ಜೊತೆಗೂಡಿದರೆ ಅದು ಮನುಷ್ಯರನ್ನು ಕೊಂದು ಕೂಗದೆ ಬಿಟ್ಟೀತೇ? ಇಲ್ಲಿ ಕೊಲ್ಲುವುದು ಅವಳಲ್ಲ, ಅವಳೂ ಕೊಲೆಯಾದವರ ಸಾಲಿನಲ್ಲಿದ್ದಾಳೆ. ಕವಿ ಅವಳ ಗತಿಯನ್ನು ಒಂದು ಪಟಲದಷ್ಟೂ ಮೇಲೆತ್ತುವುದಿಲ್ಲ. ಎತ್ತುವ ಅಧಿಕಾರ ಅವನ ಸಿದ್ಧಾಂತದಲ್ಲಿ ಯಾರಿಗೂ ಇಲ್ಲ. ಆದರೆ ಬೀಳುವ ಮುಂಚೆ ಆ ಬೀಳುವಿಕೆಯನ್ನು ಅರ್ಥ ಮಾಡಿಕೊಂಡಿದ್ದಾನೆ. ಡಾಂಟೆ ಎರಡನೆಯ ಸುತ್ತಿನಲ್ಲಿ ಫ್ರಾಂಚೆಸ್ಕಾಳ ಕತೆ ಕೇಳಿ ಮೂರ್ಛೆ ಹೋಗುತ್ತಾನಲ್ಲ, ಇದು ಅದೇ ಇಕ್ಕಟ್ಟು. ವ್ಯವಸ್ಥೆಯನ್ನು ಒಪ್ಪಿದ ಕವಿಗೆ ವ್ಯವಸ್ಥೆ ದಾಟುವ ಕರುಣೆಯನ್ನು ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ.

ತತ್ತ್ವಾರ್ಥಿ

ಕರುಣೆ ದಾಟುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಈ ಕತೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ಎಳೆದುತಂದ ಅಭಯರುಚಿ, ಕತ್ತಿ ಹಿಡಿದು ನಿಂತ ಮಾರಿದತ್ತನಿಗೆ ಹೇಳುತ್ತಿದ್ದಾನೆ. ಅಭಯರುಚಿಯೇ ಹಿಂದಿನ ಯಶೋಧರ, ಪಕ್ಕದಲ್ಲಿರುವ ತಂಗಿ ಅಭಯಮತಿಯೇ ಹಿಂದಿನ ಚಂದ್ರಮತಿ. ಕೊಂದವಳ ಬಗ್ಗೆ ಮಾತಾಡುವಾಗ ಕೊಲೆಯಾದವನ ದನಿಯಲ್ಲಿ ಸೇಡು ಇದ್ದರೆ ಅವನ ವಾದವೇ ಬಿದ್ದುಹೋಗುತ್ತದೆ, ಆ ಸೇಡೇ ಮತ್ತೊಂದು ರೌದ್ರಧ್ಯಾನ. ಆದ್ದರಿಂದ ಆ ಸಾಲಿನ ಕರುಣೆ ವ್ಯವಸ್ಥೆಯ ಒಳಗಿನದ್ದೇ.

ಚಾವಡಿ

ಆ ಪದ್ಯ ಅಭಯರುಚಿಯ ಬಾಯಲ್ಲಿದೆ ಎಂದು ಓದಿದರೆ ನಿಮ್ಮ ಮಾತು ನಿಲ್ಲುತ್ತದೆ, ಕವಿಯ ದನಿ ಎಂದು ಓದಿದರೆ ನನ್ನದು. ನಾಲ್ಕು ಅವತಾರದ ಪುಟ್ಟ ಕಾವ್ಯ, ಹೆಚ್ಚಿನದು ಕಂದಗಳೇ. ಆ ಪದ್ಯದ ಹಿಂದಿನ ಹತ್ತು, ಮುಂದಿನ ಹತ್ತು ಓದಿ, ಯಾರ ದನಿ ಎಂದು ಕಂದಪದ್ಯದವರೇ ತೀರ್ಮಾನಿಸಲಿ.